‘ಮನೆ ವಿಚಾರ’ ಅಂದಾಗ

ಮಗಳೇ,

ಪಂಚಾಯ್ತಿಗೆ ಗೆದ್ದು ಬಂದಿದ್ದೀಯ. ಕಿಕ್ಕೇರಿಯ ಈ ದೊಡ್ಡಮ್ಮನ ಮಾತೊಂದನ್ನು ಸೆರಗಿಗೆ ಗಂಟು ಹಾಕಿಕೋ. ಚರಂಡಿ, ಬೀದಿದೀಪ, ಉದ್ಯೋಗ ಖಾತ್ರಿಯ ಲೆಕ್ಕವೆಲ್ಲ ಆರು ತಿಂಗಳಲ್ಲಿ ಕಲಿತುಬಿಡುತ್ತೀಯ. ನಿನ್ನನ್ನು ಕಟ್ಟಿಹಾಕುವುದು ನಾಲ್ಕೇ ಪದ: ‘ಅದು ಅವರ ಮನೆ ವಿಚಾರ.’

ಗ್ರೀಸಿನ ಅರಿಸ್ಟಾಟಲ್ ಮನೆಯೇ ಬೇರೆ, ನಗರದ ಆಡಳಿತವೇ ಬೇರೆ ಎಂದು ಗೆರೆ ಎಳೆದು, ಹೆಂಗಸರನ್ನೂ ಗುಲಾಮರನ್ನೂ ಮನೆಯ ಕಡೆಗೇ ಬಿಟ್ಟ. ಅವನ ಹೆಸರೇ ಕೇಳದ ನಮ್ಮ ಹಿರಿಯರಲ್ಲೂ ಅದೇ ಗೆರೆ ಇತ್ತು ಕಣವ್ವ. ಜಗಲಿಯ ಮೇಲೆ ಗಂಡಸರ ನ್ಯಾಯ, ನಡುಮನೆಯಲ್ಲಿ ಹೆಂಗಸರ ಮೌನ. ಪಂಚಾಯ್ತಿಗಳಲ್ಲಿ ಅರ್ಧ ಸ್ಥಾನ ಹೆಂಗಸರಿಗೆಂದು ನಮ್ಮ ರಾಜ್ಯದಲ್ಲಿ ಕಾನೂನಾದದ್ದು 2010ರಲ್ಲಿ. ನೀನೀಗ ಜಗಲಿಗೆ ಬಂದಿದ್ದೀಯ.

2023ರಲ್ಲಿ ನಮ್ಮ ಮಂಡ್ಯ ಸೀಮೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡಿ, ಹೊಟ್ಟೆಯಲ್ಲಿರುವುದು ಹೆಣ್ಣೋ ಗಂಡೋ ಎಂದು ಹೇಳುತ್ತಿದ್ದ ಜಾಲ ಬಯಲಾಯಿತಲ್ಲ. ಬೆಲ್ಲ ಕಾಯಿಸುವ ಜಾಗ! ಭ್ರೂಣಲಿಂಗ ಪತ್ತೆ ನಿಷೇಧಿಸುವ ಕಾನೂನು 1994ರಲ್ಲೇ ಆಗಿತ್ತು. ಆದರೆ ಯಾವ ಕಾನೂನಿಗೂ ನಡುಮನೆಯ ಮಾತು ಕೇಳಿಸುವುದಿಲ್ಲ, ಅಕ್ಕಪಕ್ಕದವರಿಗೆ ಕೇಳಿಸುತ್ತದೆ. ನನಗೂ ಕೇಳಿಸಿತ್ತು. ನಮ್ಮ ಬೀದಿಯ ಸೊಸೆಯೊಬ್ಬಳು, ಎರಡು ಹೆಣ್ಣಾದ ಮೇಲೆ ಮತ್ತೆ ಬಸುರಾಗಿ, ಒಂದು ದಿನ ಎಲ್ಲಿಗೋ ಹೋಗಿ ಬಸುರು ಕಳೆದುಕೊಂಡು ಬಂದಳು. ವಾರವೆಲ್ಲ ಅವಳ ಅಳು ಗೋಡೆಯಾಚೆಯಿಂದ ಕೇಳುತ್ತಿತ್ತು. ಮನೆ ವಿಚಾರ ಎಂದು ನಾನು ಸುಮ್ಮನಿದ್ದೆ. ತಪ್ಪು ಮಾಡಿದೆ.

ಹಾಗೆಂದು ಕಂಡವರ ಮನೆಗೆ ಇಣುಕಬೇಡ. ಯಾರ ಮಗಳು ಯಾರನ್ನು ಮೆಚ್ಚಿದಳು, ಯಾರ ಒಲೆಯ ಮೇಲೆ ಏನು ಬೆಂದಿತು ಎಂಬುದು ಪಂಚಾಯ್ತಿಗೆ ಬೇಡ. ‘ಮೈಸೂರು ಮಲ್ಲಿಗೆ’ಯ ನರಸಿಂಹಸ್ವಾಮಿಯವರು ಹುಟ್ಟಿದ ಊರಿನವಳು ನಾನು. ಕದ ಹಾಕಿದ ಮನೆಯೊಳಗೆ ಎಂಥ ಒಲವಿರಬಲ್ಲದು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಪಿತ್ತರು. ಆ ಹಕ್ಕು ಮನುಷ್ಯರದು, ಗೋಡೆಯದಲ್ಲ. ಮನೆ ಯಜಮಾನನಿಗೆ ಎಷ್ಟಿದೆಯೋ ಆ ಸೊಸೆಗೂ ಅಷ್ಟೇ ಇದೆ. ಅವಳ ಮೈಮೇಲೆ ಕೈಮಾಡಿದವನು ‘ಇದು ನಮ್ಮ ಮನೆ ವಿಚಾರ’ ಎಂದರೆ ಒಪ್ಪಬೇಡ.

ನೊಂದವಳು ನಿನ್ನ ಬಳಿ ಬಂದರೆ ಕೂರಿಸಿ ಕೇಳು. ಗ್ರಾಮಸಭೆಯಲ್ಲಿ ಮಾತ್ರ ಅವಳ ಹೆಸರೆತ್ತಬೇಡ. ಮಹಿಳಾ ಸಹಾಯವಾಣಿಯ ಸಂಖ್ಯೆ 181. ಅದನ್ನು ಪಂಚಾಯ್ತಿ ಕಚೇರಿಯ ಗೋಡೆಯ ಮೇಲೆ, ಬೀದಿಗೆ ಕಾಣುವಂತೆ ದೊಡ್ಡದಾಗಿ ಬರೆಸು.