ರಸಾಯನಶಾಸ್ತ್ರ ಓದಿದವರಿಗೆ ಮೈಸೂರಿನಲ್ಲಿ ಕೆಲಸ, ಸಂಶೋಧನೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವರಿಗೆ ಮೈಸೂರಿನಲ್ಲಿ ಎರಡು ದಾರಿಗಳಿವೆ. ಒಂದು ಕಾರ್ಖಾನೆಯ ಗುಣಮಟ್ಟ ಪರೀಕ್ಷೆಯ ಕೆಲಸ, ಇನ್ನೊಂದು ಸಂಶೋಧನೆ. ಇವೆರಡರ ತಯಾರಿ ಬೇರೆ, ಅರ್ಜಿ ಹಾಕುವ ಕಾಲವೂ ಬೇರೆ. ಹಾಗಾಗಿ ಪದವಿಯ ಕೊನೆಯ ವರ್ಷ ಶುರುವಾಗುವ ಮೊದಲೇ ದಾರಿ ಆರಿಸಿಕೊಳ್ಳುವುದು ಒಳ್ಳೆಯದು.

ಬೇಗ ಸಂಬಳ ಬೇಕಾದವರು ಮೊದಲು ನೋಡಬೇಕಾದದ್ದು ನಂಜನಗೂಡು. ಜುಬಿಲೆಂಟ್‌ನ ಔಷಧ ಘಟಕ, ನೆಸ್ಲೆಯ ಕಾಫಿ ಕಾರ್ಖಾನೆ, ಏಷ್ಯನ್ ಪೇಂಟ್ಸ್ ಎಲ್ಲವೂ ಆ ತಾಲ್ಲೂಕಿನಲ್ಲಿವೆ. ಮೈಸೂರಿನಲ್ಲಿ ಜೆ.ಕೆ. ಟೈರ್ ಇದೆ. 1937ರಲ್ಲಿ ಆರಂಭವಾದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಇದೆ. ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ಇಲ್ಲೇ, ಅದರ ಗುಟ್ಟು ಸಿಲ್ವರ್ ನೈಟ್ರೇಟ್.

ಹೊಸಬರ ಸಂದರ್ಶನದಲ್ಲಿ ಅಂಕಪಟ್ಟಿಗಿಂತ ಪ್ರಯೋಗಾಲಯದ ಅಭ್ಯಾಸಕ್ಕೇ ಬೆಲೆ. 250 ಮಿ.ಲೀ. 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣಕ್ಕೆ ಎಷ್ಟು ಗ್ರಾಂ ಬೇಕು ಎಂಬಂಥ ಪ್ರಶ್ನೆಗೆ ಒಂದು ಗ್ರಾಂ ಎಂದು ತಡವರಿಸದೆ ಹೇಳಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ. ತೂಗಿ ಹಾಕಿದ ಮೇಲೂ ಆಕ್ಸಾಲಿಕ್ ಆಮ್ಲದೊಂದಿಗೆ ಟೈಟ್ರೇಷನ್ ಮಾಡುವುದೇಕೆ? ಸೋಡಿಯಂ ಹೈಡ್ರಾಕ್ಸೈಡ್ ಗಾಳಿಯಲ್ಲಿನ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರುವುದರಿಂದ ಅದರ ತೂಕವನ್ನು ನಂಬುವಂತಿಲ್ಲ. ಈ ಕಾರಣ ಹೇಳಬಲ್ಲವರು ಬೇರೆಯಾಗಿ ಕಾಣುತ್ತಾರೆ. ಎಚ್‌ಪಿಎಲ್‌ಸಿ, ಗ್ಯಾಸ್ ಕ್ರೊಮಟೊಗ್ರಫಿ ಉಪಕರಣಗಳ ಪರಿಚಯವಿದ್ದರೆ ಔಷಧ ಕಂಪನಿಗಳಲ್ಲಿ ಅನುಕೂಲ. ಕೆಲಸಕ್ಕೆ ಸೇರುವಾಗ ನೇಮಕ ಕಂಪನಿಯದೋ ಗುತ್ತಿಗೆದಾರರದೋ, ಪಿ.ಎಫ್. ಇದೆಯೋ ಇಲ್ಲವೋ, ರಾತ್ರಿ ಪಾಳಿಗೆ ವಾಹನ ಬರುತ್ತದೆಯೋ ಎಂದು ಕೇಳಿಕೊಳ್ಳಬೇಕು. ಕೆಲಸ ಕೊಡಿಸಲು ಹಣ ಕೇಳುವವರ ಹತ್ತಿರ ಮಾತೇ ಬೇಡ.

ಸಂಶೋಧನೆಯಲ್ಲಿ ಮೈಸೂರಿನ ಬಲ ಇರುವುದು ಆಹಾರ ರಸಾಯನದಲ್ಲಿ. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಸಿಎಫ್‌ಟಿಆರ್‌ಐ, 1961ರ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಮಾನಸಗಂಗೋತ್ರಿಯ ರಸಾಯನಶಾಸ್ತ್ರ ವಿಭಾಗ ಮೂರೂ ನಗರದೊಳಗೇ ಇವೆ. ಇಲ್ಲಿನ ತಾತ್ಕಾಲಿಕ ಯೋಜನಾ ಹುದ್ದೆಗಳ ಪ್ರಕಟಣೆ ಸಂಸ್ಥೆಗಳ ಜಾಲತಾಣದಲ್ಲಿ ಬರುತ್ತದೆ. ಕೊನೆಯ ದಿನಕ್ಕೆ ಸಮಯ ಕಡಿಮೆ ಇರುವುದರಿಂದ ವಾರಕ್ಕೊಮ್ಮೆ ನೋಡುವ ಅಭ್ಯಾಸ ಬೇಕು. ಹೆಚ್ಚಿನ ಹುದ್ದೆಗಳಿಗೆ ಎಂ.ಎಸ್ಸಿ. ಕೇಳುತ್ತಾರೆ.

ಬಿ.ಎಸ್ಸಿ. ಮುಗಿಸಿ ಐಐಟಿಗಳ ಎಂ.ಎಸ್ಸಿ.ಗೋ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೋ ಹೋಗಬೇಕೆಂದರೆ ಜಾಮ್ ಪರೀಕ್ಷೆ ಬರೆಯಬೇಕು. ಪರೀಕ್ಷೆ ಫೆಬ್ರುವರಿಯಲ್ಲಿ, ಅರ್ಜಿ ಅದರ ಹಿಂದಿನ ಸೆಪ್ಟೆಂಬರ್ ಹೊತ್ತಿಗೇ ಶುರು. ತಾಲ್ಲೂಕು ಕಾಲೇಜುಗಳ ಜಾಣ ವಿದ್ಯಾರ್ಥಿಗಳು ಕೈತಪ್ಪಿಸಿಕೊಳ್ಳುವುದು ಬಹುಮಟ್ಟಿಗೆ ಈ ದಿನಾಂಕವನ್ನೇ. ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಷಿಪ್‌ಗೂ ಬೇಸಿಗೆ ಬರುವವರೆಗೆ ಕಾಯುವಂತಿಲ್ಲ, ಅರ್ಜಿ ತಿಂಗಳುಗಳ ಮೊದಲೇ ಹೋಗಬೇಕು. ಸಿಎಸ್‌ಐಆರ್ ನೆಟ್ ಪರೀಕ್ಷೆ ವರ್ಷಕ್ಕೆರಡು ಬಾರಿ, ಎಂ.ಎಸ್ಸಿ. ಕೊನೆಯ ವರ್ಷದವರೂ ಬರೆಯಬಹುದು. 2023ರ ಪರಿಷ್ಕರಣೆಯ ಪ್ರಕಾರ ಇದರಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಷಿಪ್ ಪಡೆದವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ.

ಪದವಿಯ ಪ್ರಾಜೆಕ್ಟ್‌ಗೆ ಊರಿನ ಸರಕನ್ನೇ ಎತ್ತಿಕೊಳ್ಳಬಹುದು. ಮೊದಲು ಹೆಸರಿಸಿದ ನಾಲ್ಕೂ ತಾಲ್ಲೂಕುಗಳಲ್ಲಿ ವರ್ಜೀನಿಯಾ ತಂಬಾಕು ಬೆಳೆಯುತ್ತಾರೆ, ಹುಣಸೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರವೂ ಇದೆ. ಬ್ಯಾರನ್‌ನಲ್ಲಿ ಹದ ಮಾಡಿದ ಎಲೆಯ ನಿಕೋಟಿನ್, ಸಕ್ಕರೆ, ಕ್ಲೋರೈಡ್ ಅಂಶಗಳು ಅದರ ಗುಣಮಟ್ಟವನ್ನು ತಿಳಿಸುತ್ತವೆ. ಮನೆಯ ಬ್ಯಾರನ್ನಿನ ಎಲೆ, ಹೊಲದ ಮಣ್ಣು, ಡೇರಿಗೆ ಹಾಕುವ ಹಾಲು ಯಾವುದನ್ನು ಪರೀಕ್ಷಿಸಿದರೂ ಆದೀತು. ಅಂಗಡಿಯಲ್ಲಿ ಬೈಂಡ್ ಮಾಡಿಸಿ ತಂದ ಹಳೆಯ ವರದಿಗಿಂತ ಅಂಥ ಹತ್ತು ಪುಟ ಸಂದರ್ಶನದಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಸಂಶೋಧನಾ ಸಂಸ್ಥೆಗಳ ಯೋಜನಾ ಹುದ್ದೆ ಯೋಜನೆಯ ಜೊತೆಗೇ ಮುಗಿಯುತ್ತದೆ. ಬಿಡುವಾಗ ಅನುಭವ ಪತ್ರದಲ್ಲಿ ದಿನಾಂಕಗಳನ್ನಷ್ಟೇ ಅಲ್ಲ, ಕೈಯಾರೆ ನಡೆಸಿದ ಉಪಕರಣಗಳ ಹೆಸರನ್ನೂ ಬರೆಸಿಕೊಳ್ಳಬೇಕು.