ಗೊರಕೆ, ರಕ್ತದ ಹೆಪ್ಪು ಮತ್ತು ವಂಶ



ಜೋರಾಗಿ ಗೊರಕೆ ಹೊಡೆಯುವವರನ್ನು ಕಂಡು ‘ಎಂಥ ಸುಖನಿದ್ರೆ’ ಎನ್ನುತ್ತೇವೆ. ಆದರೆ ಗೊರಕೆ ತಟ್ಟನೆ ನಿಂತು, 10 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಕಾಲ ಉಸಿರಿಲ್ಲದೆ, ಮತ್ತೆ ಏದುಸಿರಿನೊಂದಿಗೆ ಆರಂಭವಾಗುತ್ತಿದ್ದರೆ ಅದು ‘ಸ್ಲೀಪ್ ಆಪ್ನಿಯಾ’ ಇರಬಹುದು. ಉಸಿರು ನಿಂತಾಗಲೆಲ್ಲ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ರಾತ್ರಿಯಿಡೀ ಹೀಗಾದರೆ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಬಹುದು. ಕಾಲಿನ ಆಳದ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಕಳಚಿ ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಅಪಾಯ.

ಇವೆರಡೂ ವಂಶದಿಂದ ಬರುತ್ತವೆಯೇ? ದವಡೆಯ ರಚನೆ, ಬೊಜ್ಜಿನ ಪ್ರವೃತ್ತಿ ವಂಶದಲ್ಲಿ ಹರಿದು ಬರುತ್ತವೆ. ಬೊಜ್ಜು ಎರಡು ಕಾಯಿಲೆಗಳಿಗೂ ದಾರಿ. ಹೆಪ್ಪುಗಟ್ಟುವ ಪ್ರವೃತ್ತಿಗೂ ಜೀನ್‌ಗಳುಂಟು. 1994ರಲ್ಲಿ ಹಾಲೆಂಡಿನ ಲೈಡನ್ ನಗರದ ವಿಜ್ಞಾನಿಗಳು ಗುರುತಿಸಿದ ‘ಫ್ಯಾಕ್ಟರ್ ಫೈವ್ ಲೈಡನ್’ ಅಂಥದ್ದು. ನಮ್ಮವರಲ್ಲಿ ಅದು ವಿರಳ. ಆದರೆ ಎರಡಕ್ಕೂ ಒಂದೇ ಜೀನ್ ಮೂಲವೆಂದು ಸಿದ್ಧವಾಗಿಲ್ಲ. ಆದ್ದರಿಂದ ‘ನಮ್ಮ ಮನೆತನದ ಹಣೆಬರಹ’ ಎಂದು ಕೈಚೆಲ್ಲಬೇಡಿ. ತೂಕ ಇಳಿಸಬಹುದು, ಸಿಪ್ಯಾಪ್ ಯಂತ್ರದಿಂದ ಉಸಿರನ್ನು ಸರಿಪಡಿಸಬಹುದು.

ರೋಗಿಯ ಪಕ್ಕ ಮಲಗುವ ಬಂಧುಗಳೇ, ತನ್ನ ಉಸಿರು ನಿಲ್ಲುವುದು ರೋಗಿಗೆ ತಿಳಿಯದು, ನೀವೇ ಸಾಕ್ಷಿ. ಆಪರೇಷನ್ನಿಗೆ ಮುಂಚೆ ಅರಿವಳಿಕೆ ವೈದ್ಯರಿಗೆ ಇದನ್ನೂ, ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಕಾಲಿನಲ್ಲಿ ಹೆಪ್ಪುಗಟ್ಟಿತ್ತೇ ಎಂಬುದನ್ನೂ ತಪ್ಪದೆ ತಿಳಿಸಿ. ‘ಅವರು ಕೇಳಲೇ ಇಲ್ಲವಲ್ಲ’ ಎಂದು ಸುಮ್ಮನಿರಬೇಡಿ.

ಒಂದೇ ಕಾಲಿನ ಮೀನಖಂಡ ಬಾತು ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ವೈದ್ಯರಿಗೆ ಅಂದೇ ತೋರಿಸಿ. ಏಕಾಏಕಿ ಉಸಿರುಕಟ್ಟುವಿಕೆ, ಎದೆನೋವು, ಕಫದಲ್ಲಿ ರಕ್ತ ಕಂಡರೆ ಬೆಳಗಾಗಲೆಂದು ಕಾಯದೆ ಸಿಸ್ಟರನ್ನು ಕೂಡಲೇ ಕರೆಯಿರಿ. ಮನೆಯಲ್ಲಿದ್ದರೆ 108ಕ್ಕೆ ಕರೆ ಮಾಡಿ.