ಜೇಬಿನಲ್ಲಿ ಸಿಕ್ಕಿದ್ದು ಆಯ್ಸ್ಟರ್ ಕಾರ್ಡು

ಮೇಡಂ, ನಾವು ಮಂಡ್ಯದ ಕಡೆಯವರು, ಲಂಡನ್ನಿನ ಕ್ರಾಯ್ಡನ್‌ನಲ್ಲಿದ್ದೇವೆ. ಮಗನಿಗೆ 16. ಅವನ ಜೀವದ ಗೆಳೆಯ ಜಮೈಕಾ ಮೂಲದ ಕಪ್ಪು ಹುಡುಗ. ಕಳೆದ ತಿಂಗಳು ಸ್ಟೇಷನ್ ಹತ್ತಿರ ಪೊಲೀಸರು ಇಬ್ಬರ ಜೇಬು, ಬ್ಯಾಗು ಎಲ್ಲ ತಡಕಿದರು. ಸಿಕ್ಕಿದ್ದು ಬಸ್ಸು-ರೈಲಿನ ಆಯ್ಸ್ಟರ್ ಕಾರ್ಡು, ಇಯರ್‌ಫೋನು. ಗೆಳೆಯನಿಗೆ ಈ ವರ್ಷ ಇದು ಮೂರನೇ ಸಲವಂತೆ. ‘ಅವನ ಸಹವಾಸ ಬಿಡು’ ಎಂದೆ. ಅಂದಿನಿಂದ ಮಗನಿಗೆ ನನ್ನೊಡನೆ ಮಾತಿಲ್ಲ. ಗ್ಯಾಂಗುಗಳ ಚಾಕು ಇರಿತದ ಸುದ್ದಿ ಓದಿ ನನಗೆ ನಿದ್ದೆಯಿಲ್ಲ. ಹೇಳಿದ್ದು ತಪ್ಪೇ?
– ಹೆಸರು ಬೇಡ

ನಿಮ್ಮ ಭಯ ಸುಳ್ಳಲ್ಲ. ಆ ಊರಿನಲ್ಲಿ ಹದಿಹರೆಯದ ಮಕ್ಕಳು ಚಾಕುವಿಗೆ ಬಲಿಯಾಗಿದ್ದಾರೆ. ಕಪ್ಪು ತಾಯಂದಿರೇ ಹಾಗೆ ಬಹಳ ಮಕ್ಕಳನ್ನು ಕಳೆದುಕೊಂಡಿದ್ದಾರೆ. ಗೆಳೆಯನ ತಾಯಿಗೆ ಗ್ಯಾಂಗಿನ ಭಯ ಒಂದು ಕಡೆ, ಪೊಲೀಸರದ್ದು ಇನ್ನೊಂದು ಕಡೆ.

ಆದರೆ ‘ಸಹವಾಸ’ ಎಂದಿರಲ್ಲ, ಅದನ್ನೇ ಲಂಡನ್ ಪೊಲೀಸರೂ ನೆಚ್ಚಿಕೊಂಡಿದ್ದರು. 2011ರಲ್ಲಿ ಅಲ್ಲಿ ನಡೆದ ಗಲಭೆಯ ಮರುವರ್ಷ ‘ಗ್ಯಾಂಗ್ಸ್ ಮ್ಯಾಟ್ರಿಕ್ಸ್’ ಎಂಬ ಪಟ್ಟಿ ಶುರುಮಾಡಿದರು. ಯಾರ ಜೊತೆ ಓಡಾಡಿದ, ಯಾವ ಹಾಡಿನ ವಿಡಿಯೊ ಹಂಚಿಕೊಂಡ ಎಂಬುದೂ ಅಲ್ಲಿ ಲೆಕ್ಕಕ್ಕೆ ಬರುತ್ತಿತ್ತು. 2017ರಲ್ಲಿ ಪಟ್ಟಿಯಲ್ಲಿದ್ದವರು 3,806. ನೂರಕ್ಕೆ 78 ಮಂದಿ ಕಪ್ಪು ಜನ ಎಂದು ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ವರದಿ ಮಾಡಿತು. ಪಟ್ಟಿ ನಡೆಸಿದ ರೀತಿ ಕಾನೂನುಬಾಹಿರವಾಗಿತ್ತೆಂದು 2022ರಲ್ಲಿ ಪೊಲೀಸರೇ ಒಪ್ಪಿದರು; 2024ರಲ್ಲಿ ಅದು ರದ್ದಾಯಿತು. ನೀವು ಊಟದ ಮೇಜಿನ ಮುಂದೆ ಕೂತು ಅಂಥದೇ ಪಟ್ಟಿಗೆ ಒಂದು ಹೆಸರು ಸೇರಿಸಿದಿರಿ. ಮಗ ಮುನಿದದ್ದು ಅದಕ್ಕೆ.

ನೀವೇ ಮೊದಲು ಮಾತಾಡಿಸಿ. ‘ನಾನು ಹೆದರಿ ಹಾಗಂದೆ’ ಎನ್ನಿ, ಸಾಕು. ಶಾಲೆಗೆ ಯಾರಾದರೂ ಚಾಕು ತರುತ್ತಾರಾ, ನಿನಗೆ ಭಯವಾಗುತ್ತಾ ಎಂದು ನೇರವಾಗಿಯೇ ಕೇಳಿ. ಎಲ್ಲಿಂದಲೋ ಬಂದ ಹಣ, ಹೊಸ ಫೋನು, ಹೇಳದೆ ಕೇಳದೆ ದಿನಗಟ್ಟಲೆ ನಾಪತ್ತೆ – ಎಚ್ಚರ ಬೇಕಾದದ್ದು ಇಂಥವಕ್ಕೆ. ಗೆಳೆಯನ ಬಣ್ಣಕ್ಕಲ್ಲ.

ಕಾನೂನಿನ ಮಾತು ಹುಡುಗರಿಬ್ಬರಿಗೂ ಗೊತ್ತಿರಲಿ. 1984ರ ಪೊಲೀಸ್ ಕಾಯ್ದೆಯ ಪ್ರಕಾರ ತಡಕಲು ಸಮಂಜಸವಾದ ಅನುಮಾನ ಬೇಕು. ಮೈಬಣ್ಣವೊಂದೇ ಅದಕ್ಕೆ ಆಧಾರವಾಗದು. (ಬೇರೊಂದು ಕಾಯ್ದೆಯ ಸೆಕ್ಷನ್ 60 ಜಾರಿಯಲ್ಲಿರುವ ಜಾಗದಲ್ಲಿ ಮಾತ್ರ ಆ ಅನುಮಾನವೂ ಬೇಕಿಲ್ಲ. ಅದರ ಬಗ್ಗೆ ದೂರುಗಳೂ ಕೇಳಿಬರುತ್ತವೆ.) ಏನನ್ನು ಹುಡುಕುತ್ತಿದ್ದಾರೆ, ಯಾವ ಠಾಣೆಯವರು ಎಂಬುದನ್ನು ಪೊಲೀಸರು ಹೇಳಲೇಬೇಕು. ಹುಡುಗರು ಜಗಳಕ್ಕೆ ನಿಲ್ಲದೆ, ಓಡದೆ, ಇಷ್ಟು ಕೇಳಿಕೊಂಡರೆ ಆಯಿತು. ತಡಕಿದ್ದರ ದಾಖಲೆಯ ಪ್ರತಿಯನ್ನು ಮೂರು ತಿಂಗಳೊಳಗೆ ಕೇಳಿ ಪಡೆಯಬಹುದು. ದೂರು ಕೊಡುವುದಾದರೆ ಅದು ಕೈಯಲ್ಲಿದ್ದರೆ ಒಳ್ಳೆಯದು.

ಗೆಳೆಯನ ತಾಯಿಯ ಫೋನ್ ನಂಬರ್ ನಿಮ್ಮ ಹತ್ತಿರ ಇದೆಯೇ? ಮೂರು ಸಲ ಇದನ್ನು ಕಂಡ ಮನೆ ಅದು. ಇಬ್ಬರೂ ಸೇರಿ ಆ ಪ್ರತಿ ಕೇಳಿ. ಒಂದು ತಿಂಗಳು ಆಗಲೇ ಕಳೆದಿದೆ.